ದಯೆಯೂ ಪ್ರಮಾಣವೂ: ಹುಬ್ಬಳ್ಳಿಯ ಪ್ಲೇಗು ಮದ್ದಿನಿಂದ ಬೊಮ್ಮಸಂದ್ರದ ಔಷಧದವರೆಗೆ

ಬೆಂಗಳೂರಿನಿಂದ ಹೊಸೂರಿಗೆ ಸಾಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರಗಳನ್ನು ದಾಟಿದ ಮೇಲೆ ಆನೇಕಲ್ಲಿನ ದಾರಿ ಬಲಕ್ಕೆ ಒಡೆಯುವ ಊರು ಚಂದಾಪುರ. ರಾಗಿಯ ಹೊಲಗಳಿದ್ದ ಈ ಸೀಮೆ ಇಂದು ಕಾರ್ಖಾನೆಗಳ ಪಾಳಿಗೆ ಹೋಗಿಬರುವ ದುಡಿಮೆಗಾರರ ಬಾಡಿಗೆ ಮನೆಗಳಿಂದ ತುಂಬಿದೆ. ಇಲ್ಲಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಬೊಮ್ಮಸಂದ್ರ-ಜಿಗಣಿ ಕೂಡುರಸ್ತೆಯಲ್ಲಿ, ಬಯೋಕಾನ್ ಸಂಸ್ಥೆಯ ಔಷಧ ತಯಾರಿಕೆಯ ಆವರಣವಿದೆ. ೨೦೨೦ರ ಜುಲೈ ತಿಂಗಳಲ್ಲಿ, ಕೊರೋನಾ ಸಾಂಕ್ರಾಮಿಕವು ನಾಡನ್ನು ಆವರಿಸಿದ್ದ ಸಮಯದಲ್ಲಿ, ಇಲ್ಲಿ ತಯಾರಾದ ಇಟೋಲಿಝುಮಾಬ್ ಎಂಬ ಚುಚ್ಚುಮದ್ದಿನ ಸುತ್ತ ಒಂದು ವಿವಾದ ಎದ್ದಿತು. ಗುಣವುಂಟೆಂದು ಪೂರ್ಣವಾಗಿ ಸಿದ್ಧವಾಗದ ಮದ್ದನ್ನು ಸಾಯುತ್ತಿರುವ ರೋಗಿಗೆ ಕೊಡಬಹುದೇ, ಕೂಡದೇ ಎಂಬುದೇ ಆ ವಿವಾದದ ತಿರುಳು.

ಮೇಲ್ನೋಟಕ್ಕೆ ಇದು ಇಂದಿನ ವಿಜ್ಞಾನ ತಂದೊಡ್ಡಿದ ಹೊಸ ಪ್ರಶ್ನೆಯೆಂದು ತೋರಬಹುದು. ಆದರೆ ಕನ್ನಡ ನಾಡಿನ ಮಟ್ಟಿಗೆ ಇದು ೧೨೦ ವರ್ಷಗಳಿಗೂ ಹಳೆಯದು. ೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ಇದೇ ಪ್ರಶ್ನೆ ಇಡೀ ಪಟ್ಟಣವನ್ನೇ ಎದುರುಗೊಂಡಿತ್ತು. ಈ ಎರಡು ಸಂದರ್ಭಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪರಸ್ಪರ ವಿರುದ್ಧವೆಂದು ತೋರುವ ಎರಡು ವಾದಗಳೂ ಹುಟ್ಟುವುದು ಒಂದೇ ಮೂಲದಿಂದ, ಅಂದರೆ ರೋಗಿಯ ಮೇಲಿನ ಕರುಣೆಯಿಂದ ಎಂಬುದು ಸ್ಪಷ್ಟವಾಗುತ್ತದೆ.

ಎರಡು ಪಕ್ಷಗಳು

ಮೊದಲನೆಯ ಪಕ್ಷದ ವಾದ ಹೀಗಿದೆ: ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರು ಶುದ್ಧವೋ ಅಶುದ್ಧವೋ ಎಂದು ಪರೀಕ್ಷಿಸುತ್ತ ನಿಲ್ಲುವವನು ವಿವೇಕಿಯಲ್ಲ. ಬೇರೆ ಮದ್ದಿಲ್ಲದ ರೋಗದಲ್ಲಿ, ಗುಣವಾಗುವ ಸಂಭವವುಳ್ಳ ಮದ್ದೊಂದು ಕೈಯಲ್ಲಿದ್ದೂ ಅದನ್ನು ತಡೆಹಿಡಿಯುವುದು ನಿರ್ದಯತೆ. ಸಾವಿರಾರು ಜನರ ಮೇಲೆ ಪ್ರಯೋಗ ನಡೆದು ಲೆಕ್ಕ ಮುಗಿಯುವ ವೇಳೆಗೆ ರೋಗವೂ ಮುಗಿದಿರುತ್ತದೆ, ರೋಗಿಯೂ ಮುಗಿದಿರುತ್ತಾನೆ.

ಎರಡನೆಯ ಪಕ್ಷದ ವಾದವೂ ಅಷ್ಟೇ ಬಲವುಳ್ಳದ್ದು. ಮದ್ದಿನಲ್ಲಿ ಗುಣವೂ ಇರಬಹುದು, ವಿಷವೂ ಇರಬಹುದು. ಪರೀಕ್ಷಿಸದೆ ಯಾವುದೆಂದು ಹೇಳುವಂತಿಲ್ಲ. ಆತುರದಲ್ಲಿ ಎಲ್ಲರಿಗೂ ಕೊಟ್ಟುಬಿಟ್ಟರೆ ಹೋಲಿಸಿ ನೋಡಲು ಮದ್ದು ಪಡೆಯದವರೇ ಉಳಿಯುವುದಿಲ್ಲ; ಅದು ಫಲ ಕೊಟ್ಟಿತೋ ಇಲ್ಲವೋ ಎಂಬುದು ಎಂದೆಂದಿಗೂ ತಿಳಿಯದೆ ಹೋಗುತ್ತದೆ. ಇಂದಿನ ಒಬ್ಬ ರೋಗಿಗೆ ತೋರಿದ ಕರುಣೆ ನಾಳಿನ ನೂರು ರೋಗಿಗಳಿಗೆ ಮಾಡಿದ ಅಪಕಾರವಾಗಿ ಪರಿಣಮಿಸಬಹುದು.

ಹುಬ್ಬಳ್ಳಿ, ೧೮೯೮

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ದಾರಿಯ ಗುಂಟ ಒಳನಾಡಿಗೆ ಹರಡಿತು. ಅದನ್ನು ಎದುರಿಸಲು ಬ್ರಿಟಿಷ್ ಸರ್ಕಾರ ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಮನೆಗಳ ಶೋಧ, ರೋಗಿಗಳನ್ನು ಬಲವಂತವಾಗಿ ಒಯ್ಯುವುದು, ಪ್ರಯಾಣಿಕರನ್ನು ಶಿಬಿರಗಳಲ್ಲಿ ತಡೆಯುವುದು ಮುಂತಾದ ಕ್ರಮಗಳು ಜನರನ್ನು ರೋಗಕ್ಕಿಂತ ಹೆಚ್ಚಾಗಿ ಕಂಗೆಡಿಸಿದವು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ಮೇಲೆ ೧೮೯೭ರ ಜೂನ್ ೨೨ರಂದು ಗುಂಡು ಹಾರಿದ್ದು ಈ ಉದ್ವೇಗದ ಪರಾಕಾಷ್ಠೆ.

ಇದೇ ಹೊತ್ತಿನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಈತ ಕಾಲರಾ ಲಸಿಕೆಯೊಡನೆ ೧೮೯೩ರಲ್ಲಿಯೇ ಭಾರತಕ್ಕೆ ಬಂದಿದ್ದನು. ೧೮೯೭ರ ಜನವರಿ ೧೦ರಂದು ಅವನು ಪ್ಲೇಗಿನ ಲಸಿಕೆಯನ್ನು ಮೊಟ್ಟಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡನು. ಆ ತಿಂಗಳ ಕೊನೆಯಲ್ಲಿ ಬೈಕಳಾ ಸೆರೆಮನೆಯಲ್ಲಿ ಮುಂದೆ ಬಂದ ಕೈದಿಗಳಿಗೆ ಚುಚ್ಚಲಾಯಿತು. ಸೆರೆಯಲ್ಲಿರುವವನು ಕೊಟ್ಟ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದ ಒಪ್ಪಿಗೆ ಎಂಬ ಪ್ರಶ್ನೆಯನ್ನು ಅಂದಿನ ಆಡಳಿತ ದೊಡ್ಡದಾಗಿ ಎಣಿಸಲಿಲ್ಲ.

ಹುಬ್ಬಳ್ಳಿ ಅಂದು ಸುಮಾರು ಐವತ್ತು ಸಾವಿರ ಜನವಸತಿಯ ವ್ಯಾಪಾರದ ಪಟ್ಟಣ. ಹತ್ತಿಯ ಪೇಟೆ, ರೈಲ್ವೆಯ ಕಾರ್ಖಾನೆ, ನೂಲಿನ ಗಿರಣಿಗಳಿಂದ ಸುತ್ತಲಿನ ಸೀಮೆಯನ್ನೆಲ್ಲ ತನ್ನೆಡೆಗೆ ಸೆಳೆಯುತ್ತಿದ್ದ ಸ್ಥಳ. ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಜನ ಕಂಡುಕೊಂಡಿದ್ದ ಉಪಾಯ. ಆದರೆ ಮಳೆಗಾಲದಲ್ಲಿ ಅಷ್ಟು ದೊಡ್ಡ ಪಟ್ಟಣವನ್ನು ಬಯಲಿಗೆ ಒಯ್ಯುವುದು ದುಸ್ಸಾಧ್ಯವಾಗಿತ್ತು. ಹೀಗಾಗಿ ೧೮೯೮ರ ಬೇಸಿಗೆಯ ಕೊನೆಯಿಂದ ಮಳೆಗಾಲದ ಉದ್ದಕ್ಕೂ, ಸೇನಾ ವೈದ್ಯ ಲ್ಯೂಮನ್ನನ ನೇತೃತ್ವದಲ್ಲಿ, ಪಟ್ಟಣದ ಬಹುಪಾಲು ಜನರಿಗೆ ಹಾಫ್ಕಿನ್ನನ ಮದ್ದು ಚುಚ್ಚಲಾಯಿತು. ಒಂದು ಇಡೀ ಪಟ್ಟಣಕ್ಕೆ ಈ ಪ್ರಮಾಣದಲ್ಲಿ ಪ್ಲೇಗಿನ ಲಸಿಕೆ ಹಾಕಿದ ಉದಾಹರಣೆ ಆ ಕಾಲದಲ್ಲಿ ವಿರಳ.

ಇಲ್ಲಿ ಎದ್ದ ಧರ್ಮಸಂಕಟಗಳು ಹಲವು. ಮೊದಲನೆಯದು ಮದ್ದಿನ ಸ್ವರೂಪಕ್ಕೆ ಸಂಬಂಧಿಸಿದುದು. ರೋಗಾಣುಗಳನ್ನು ಮಾಂಸರಸದಲ್ಲಿ, ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಬೆಳೆಸಿ, ಆಮೇಲೆ ಕಾಯಿಸಿ ಕೊಂದು ಈ ದ್ರವವನ್ನು ತಯಾರಿಸಲಾಗುತ್ತಿತ್ತು. ಮಾಂಸವನ್ನು ಮುಟ್ಟದ ಸಮಾಜಗಳಿಗೆ ಇದನ್ನು ದೇಹದೊಳಗೆ ಸೇರಿಸಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಎರಡನೆಯದು ಒಪ್ಪಿಗೆಯ ಪ್ರಶ್ನೆ. ಚುಚ್ಚಿಸಿಕೊಂಡವರಿಗೆ ಕೊಡುತ್ತಿದ್ದ ಪ್ರಮಾಣಪತ್ರವು ಮುಂಬಯಿ ಪ್ರಾಂತದಲ್ಲಿ ತಡೆ ಶಿಬಿರಗಳಿಂದ ವಿನಾಯಿತಿ ದೊರಕಿಸಿಕೊಡುತ್ತಿತ್ತು. ಕಾಯಿದೆಯ ಭಾಷೆಯಲ್ಲಿ ಲಸಿಕೆ ಐಚ್ಛಿಕ. ಆದರೆ ದಿನದ ಕೂಲಿಯನ್ನೇ ನಂಬಿದವನಿಗೆ ಶಿಬಿರದಲ್ಲಿ ಕೊಳೆಯುವುದು ಒಂದು ಕಡೆ, ತೋಳಿಗೆ ಸೂಜಿ ಇನ್ನೊಂದು ಕಡೆ ಎಂದಾಗ ಇಚ್ಛೆಗೆ ಉಳಿಯುವ ಅವಕಾಶವೆಷ್ಟು?

ಮೂರನೆಯದು, ಮತ್ತು ಈ ಲೇಖನದ ದೃಷ್ಟಿಯಿಂದ ಮುಖ್ಯವಾದುದು, ಲೆಕ್ಕದ ಪ್ರಶ್ನೆ. ಚುಚ್ಚಿಸಿಕೊಂಡವರಲ್ಲಿ ಸಾವು ಕಡಿಮೆ, ಚುಚ್ಚಿಸಿಕೊಳ್ಳದವರಲ್ಲಿ ಹೆಚ್ಚು ಎಂದು ಹುಬ್ಬಳ್ಳಿಯ ಅಂಕಿಗಳು ತೋರಿಸಿದವು. ಆದರೆ ಬಹುಪಾಲು ಜನರಿಗೆ ಮದ್ದು ಹಾಕಿಯಾದ ಮೇಲೆ ಉಳಿದ ಕೆಲವರು ಯಾರು? ಮುದುಕರೇ, ಮೊದಲೇ ರೋಗಕ್ಕೆ ಒಳಗಾದವರೇ, ಊರು ಬಿಟ್ಟು ಹೋಗಿ ಬರುತ್ತಿದ್ದವರೇ? ಅವರ ಸಂಖ್ಯೆಯನ್ನು ಎಣಿಸಿದವರಾರು? ಭಾರತೀಯ ಪ್ಲೇಗು ಆಯೋಗವು ಈ ಬಗೆಯ ಅಂಕಿಗಳನ್ನೆಲ್ಲ ಒರೆಗೆ ಹಚ್ಚಿ, ಅವುಗಳ ನಿಖರತೆಯನ್ನು ಬಲವಾಗಿ ಶಂಕಿಸಿತು. ಲಸಿಕೆಯಿಂದ ರೋಗವೂ ಸಾವೂ ಗಮನಾರ್ಹವಾಗಿ ತಗ್ಗುತ್ತವೆಂದು ಒಪ್ಪಿತಾದರೂ, ಎಷ್ಟು ತಗ್ಗುತ್ತವೆಂಬುದನ್ನು ಆ ಲೆಕ್ಕಗಳ ಮೇಲೆ ನಿರ್ಧರಿಸಲು ಹಿಂಜರಿಯಿತು. ಹುಬ್ಬಳ್ಳಿಯಲ್ಲಿ ಅನೇಕ ಜೀವಗಳು ಉಳಿದಿರಬಹುದು; ಆದರೆ ಅಷ್ಟು ದೊಡ್ಡ ಕಾರ್ಯವು ಅಷ್ಟು ದೊಡ್ಡ ಅರಿವನ್ನು ಬಿಟ್ಟುಹೋಗಲಿಲ್ಲ.

ಉಂಧೇರಾ ಮತ್ತು ಮುಲ್ಕೋವಾಲ್

ಹುಬ್ಬಳ್ಳಿಯ ಕಾರ್ಯಕ್ಕೆ ಕೆಲವೇ ತಿಂಗಳು ಮೊದಲು, ೧೮೯೮ರ ಫೆಬ್ರವರಿಯಲ್ಲಿ, ಬಡೋದೆ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಬೇರೊಂದು ವಿಧಾನವನ್ನು ಅನುಸರಿಸಲಾಗಿತ್ತು. ಅಲ್ಲಿ ಪ್ರತಿಯೊಂದು ಮನೆತನದ ಸುಮಾರು ಅರ್ಧ ಜನರಿಗೆ ಚುಚ್ಚಿ, ಉಳಿದರ್ಧ ಜನರನ್ನು ಹಾಗೆಯೇ ಬಿಡಲಾಯಿತು. ಒಂದೇ ಸೂರು, ಒಂದೇ ಅನ್ನ, ಒಂದೇ ಗಾಳಿ. ಆದುದರಿಂದ ಹೋಲಿಕೆ ನ್ಯಾಯವಾದದ್ದು. ಕೆಲವು ವಾರಗಳ ನಂತರ, ಪ್ಲೇಗು ಹೊಕ್ಕ ೨೮ ಮನೆತನಗಳಲ್ಲಿ ಲೆಕ್ಕ ತೆಗೆದಾಗ, ಚುಚ್ಚಿಸಿಕೊಂಡ ೭೧ ಜನರಲ್ಲಿ ೮ ಮಂದಿಗೆ ರೋಗ ತಗುಲಿ ೩ ಮಂದಿ ಸತ್ತಿದ್ದರು. ಚುಚ್ಚಿಸಿಕೊಳ್ಳದ ೬೪ ಜನರಲ್ಲಿ ೨೭ ಮಂದಿಗೆ ತಗುಲಿ ೨೬ ಮಂದಿ ಸತ್ತಿದ್ದರು.

ಲೆಕ್ಕವೇನೋ ನಿಚ್ಚಳವಾಯಿತು. ಆದರೆ ಆ ಇಪ್ಪತ್ತಾರು ಜನ ಹೋಲಿಕೆಗಾಗಿ ಬಿಡಲ್ಪಟ್ಟವರು ಎಂಬುದನ್ನು ಮರೆಯಲಾಗದು. ಪ್ರಮಾಣವನ್ನು ಕೇಳುವ ಪಕ್ಷವು ತೆರಿಸುವ ಬೆಲೆ ಏನೆಂಬುದಕ್ಕೆ ಉಂಧೇರಾ ಸಾಕ್ಷಿ. ಪ್ರಮಾಣವನ್ನು ಬದಿಗಿಟ್ಟರೆ ಏನು ಕಳೆದುಹೋಗುತ್ತದೆಂಬುದಕ್ಕೆ ಹುಬ್ಬಳ್ಳಿ ಸಾಕ್ಷಿ.

೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ನಡೆದ ದುರಂತ ಈ ಚಿತ್ರದ ಮೂರನೆಯ ಮುಖ. ಅಂದು ಲಸಿಕೆ ಹಾಕಿಸಿಕೊಂಡ ೧೦೭ ಜನರ ಪೈಕಿ, ಒಂದೇ ಸೀಸೆಯಿಂದ ಮದ್ದು ಪಡೆದ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್ನನನ್ನು ಹುದ್ದೆಯಿಂದ ದೂರವಿಡಲಾಯಿತು. ನೆಲಕ್ಕೆ ಬಿದ್ದ ಚಿಮುಟವೊಂದನ್ನು ಸರಿಯಾಗಿ ಶುದ್ಧಗೊಳಿಸದೆ ಸೀಸೆಯನ್ನು ತೆರೆಯಲು ಬಳಸಿದ ಸಂಗತಿ ಬೆಳಕಿಗೆ ಬಂದರೂ, ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ೧೯೦೭ರಲ್ಲಿ ಬಹಿರಂಗವಾಗಿ ವಾದಿಸುವವರೆಗೆ ಅವನ ಮೇಲಿನ ಕಳಂಕ ತೊಲಗಲಿಲ್ಲ. ಮದ್ದಿನ ತತ್ತ್ವ ಸರಿಯಿದ್ದಾಗಲೂ ಕೈಯ ಅಜಾಗರೂಕತೆ ಜೀವ ತೆಗೆಯಬಲ್ಲದು. ಆಗ ಜನರ ನಂಬಿಕೆ ಕಳೆದುಕೊಳ್ಳುವುದು ಆ ಕೈಯೊಂದೇ ಅಲ್ಲ, ಇಡೀ ವೈದ್ಯ ವ್ಯವಸ್ಥೆ.

ಒಪ್ಪಿಗೆಯ ನಿಯಮಗಳು ಬೆಳೆದ ಬಗೆ

ಮನುಷ್ಯನ ಮೇಲೆ ನಡೆಯುವ ಪ್ರಯೋಗಗಳಿಗೆ ನೀತಿಯ ಕಟ್ಟು ಬಿದ್ದದ್ದು ಇಪ್ಪತ್ತನೆಯ ಶತಮಾನದ ನಡುವೆ. ನಾಜಿ ವೈದ್ಯರ ಕ್ರೌರ್ಯಗಳ ವಿಚಾರಣೆಯ ಫಲವಾಗಿ ೧೯೪೭ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆ, ಪ್ರಯೋಗಕ್ಕೊಳಗಾಗುವವನ ಸ್ವಯಂಪ್ರೇರಿತ ಒಪ್ಪಿಗೆಯನ್ನು ಮೊದಲ ಸೂತ್ರವಾಗಿ ಸಾರಿತು. ೧೯೬೪ರ ಹೆಲ್ಸಿಂಕಿ ಘೋಷಣೆ ಈ ನೀತಿಯನ್ನು ವೈದ್ಯರ ದಿನನಿತ್ಯದ ಕೆಲಸಕ್ಕೆ ಅನ್ವಯಿಸಿತು. ಸಿದ್ಧವಾದ ಚಿಕಿತ್ಸೆ ಇಲ್ಲದಿರುವಾಗ, ರೋಗಿಯ ಒಪ್ಪಿಗೆಯೊಡನೆ, ಭರವಸೆಯಿರುವ ಹೊಸ ಮದ್ದನ್ನು ಬಳಸಲು ಅದು ವೈದ್ಯನಿಗೆ ಅವಕಾಶ ಕೊಡುತ್ತದೆ. ಮುಂದೆ ಪರಿಷ್ಕೃತವಾದ ಘೋಷಣೆಯಲ್ಲಿ, ಅಂಥ ಮದ್ದನ್ನು ಆಮೇಲೆ ವಿಧಿವತ್ತಾದ ಸಂಶೋಧನೆಗೆ ಒಳಪಡಿಸಬೇಕೆಂಬ ಮಾತೂ ಸೇರಿತು.

ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯು ೧೯೮೦ರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ಮೊದಲ ನೀತಿ ಹೇಳಿಕೆಯನ್ನು ಹೊರತಂದಿತು. ೨೦೦೦ದಲ್ಲಿ ವಿಸ್ತೃತ ಮಾರ್ಗಸೂಚಿ ಬಂದಾಗ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಆ ಮಾರ್ಗಸೂಚಿ ೨೦೦೬ ಮತ್ತು ೨೦೧೭ರಲ್ಲಿ ಪರಿಷ್ಕಾರಗೊಂಡಿತು. ೨೦೧೯ರ ಮಾರ್ಚಿಯಲ್ಲಿ ಹೊಸ ಔಷಧಗಳ ಮತ್ತು ಪ್ರಯೋಗಗಳ ನಿಯಮಾವಳಿ ಜಾರಿಗೆ ಬಂದಿತು. ಇದಾದ ಒಂದೇ ವರ್ಷಕ್ಕೆ ಈ ಎಲ್ಲ ಕಟ್ಟಳೆಗಳಿಗೂ ಅಗ್ನಿಪರೀಕ್ಷೆ ಒದಗಿತು. ೨೦೨೦ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಕೊರೋನಾ ನಿಯಂತ್ರಣದ ನಿಯಮಗಳನ್ನು ಹೊರಡಿಸಿದ್ದು ಪ್ಲೇಗಿನ ಕಾಲದ ಅದೇ ೧೮೯೭ರ ಕಾಯಿದೆಯ ಅಡಿಯಲ್ಲಿ ಎಂಬುದು ಇತಿಹಾಸದ ವಿಚಿತ್ರ ಪುನರಾವೃತ್ತಿ.

ಬೊಮ್ಮಸಂದ್ರ, ೨೦೨೦

ಇಟೋಲಿಝುಮಾಬ್ ಕೊರೋನಾಕ್ಕಾಗಿ ಹುಟ್ಟಿದ ಮದ್ದಲ್ಲ. ಕ್ಯೂಬಾದ ಹವಾನಾ ನಗರದ ವಿಜ್ಞಾನಿಗಳ ಶೋಧನೆಯಿಂದ ಮೊದಲುಗೊಂಡು ಬಯೋಕಾನ್ ಬೆಳೆಸಿದ ಈ ಔಷಧಕ್ಕೆ ೨೦೧೩ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕಾಗಿ ಅನುಮತಿ ದೊರೆತಿತ್ತು. ದೇಹದ ರಕ್ಷಣಾಶಕ್ತಿಯೇ ಮಿತಿಮೀರಿ ಕೆರಳಿ ದೇಹವನ್ನು ಸುಡುವ ಸ್ಥಿತಿಯನ್ನು ಶಮನಗೊಳಿಸುವುದು ಇದರ ಗುಣ. ಕೊರೋನಾ ಉಲ್ಬಣಿಸಿದ ರೋಗಿಗಳಲ್ಲಿಯೂ ಇಂಥ ಕೆರಳಿಕೆ ಕಂಡುಬಂದುದರಿಂದ, ಮುಂಬಯಿ ಮತ್ತು ದೆಹಲಿಯ ನಾಲ್ಕು ಆಸ್ಪತ್ರೆಗಳಲ್ಲಿ ೩೦ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ೨೦ ಮಂದಿಗೆ ಎಂದಿನ ಚಿಕಿತ್ಸೆಯೊಡನೆ ಈ ಮದ್ದನ್ನು ಕೊಟ್ಟರೆ, ೧೦ ಮಂದಿಗೆ ಎಂದಿನ ಚಿಕಿತ್ಸೆಯನ್ನು ಮಾತ್ರ ಕೊಡಲಾಯಿತು. ತಿಂಗಳು ಕಳೆದಾಗ ಮದ್ದು ಪಡೆದವರಲ್ಲಿ ಯಾರೂ ಸತ್ತಿರಲಿಲ್ಲ. ಪಡೆಯದ ಹತ್ತು ಮಂದಿಯಲ್ಲಿ ಮೂವರು ಸತ್ತಿದ್ದರು.

ಇದರ ಆಧಾರದ ಮೇಲೆ ೨೦೨೦ರ ಜುಲೈಯಲ್ಲಿ ಭಾರತದ ಔಷಧ ಮಹಾನಿಯಂತ್ರಕರು ತುರ್ತು ಸಂದರ್ಭದ ಸೀಮಿತ ಬಳಕೆಗೆ ಅನುಮತಿ ಕೊಟ್ಟರು. ಆಸ್ಪತ್ರೆಯಲ್ಲಿ ಮಾತ್ರ ಬಳಸಬೇಕು, ರೋಗಿಯ ತಿಳಿದ ಒಪ್ಪಿಗೆ ಇರಬೇಕು, ಅಪಾಯಗಳನ್ನು ಎದುರಿಸುವ ಯೋಜನೆ ಇರಬೇಕು ಎಂಬವು ಷರತ್ತುಗಳು. ಅನುಮತಿಗೆ ಮುಂಚೆ ನಡೆಯಬೇಕಾದ ಮೂರನೆಯ ಹಂತದ ದೊಡ್ಡ ಪ್ರಯೋಗವನ್ನು ಬಿಟ್ಟುಕೊಡಲಾಯಿತು. ಒಂದು ಸೀಸೆಗೆ ೭,೯೫೦ ರೂಪಾಯಿ. ಬಹುತೇಕ ರೋಗಿಗಳಿಗೆ ನಾಲ್ಕು ಸೀಸೆ ಬೇಕಾಗುವುದರಿಂದ ಚಿಕಿತ್ಸೆಗೆ ಸುಮಾರು ೩೨,೦೦೦ ರೂಪಾಯಿ. ಚಂದಾಪುರದ ಬಾಡಿಗೆ ಮನೆಯಿಂದ ಪಾಳಿಗೆ ಹೋಗುವ ಗುತ್ತಿಗೆ ಕಾರ್ಮಿಕನಿಗೆ ಇದು ತಿಂಗಳ ಸಂಬಳವನ್ನು ಮೀರಿದ ಮೊತ್ತ.

ಅತ್ತ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಕಾರ್ಯಪಡೆ, ಪುರಾವೆ ಸಾಲದೆಂದು, ಈ ಮದ್ದನ್ನು ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಸೇರಿಸಲು ಒಪ್ಪಲಿಲ್ಲ. ಒಂದೇ ದೇಶದ ಎರಡು ಅಧಿಕೃತ ಮಂಡಲಗಳು, ಒಂದೇ ಮೂವತ್ತು ರೋಗಿಗಳ ಲೆಕ್ಕವನ್ನು ನೋಡಿ, ಎರಡು ತೀರ್ಮಾನಗಳಿಗೆ ಬಂದವು.

ಈ ಭಿನ್ನತೆ ಏಕೆ ಬಂದಿತೆಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ಮದ್ದಿನಿಂದ ಏನೂ ಪ್ರಯೋಜನವಿಲ್ಲವೆಂದೇ ಇಟ್ಟುಕೊಂಡರೂ, ಮೂವತ್ತು ಜನರಲ್ಲಿ ಸಂಭವಿಸಿದ ಮೂರು ಸಾವುಗಳೂ ಆಕಸ್ಮಿಕವಾಗಿ ಆ ಹತ್ತು ಜನರ ಗುಂಪಿನಲ್ಲಿಯೇ ಬೀಳುವ ಸಂಭವ ನೂರಕ್ಕೆ ಮೂರು. ಇದು ಅಲ್ಪವೇ, ಆದುದರಿಂದ ಭರವಸೆಗೆ ಎಡೆಯುಂಟು. ಆದರೆ ಆ ಮೂರರಲ್ಲಿ ಒಂದು ಸಾವು ಮಾತ್ರ ಈಚೆಯ ಗುಂಪಿಗೆ ಸರಿದಿದ್ದರೆ, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಆಕಸ್ಮಿಕವಾಗಿ ಬೀಳುವ ಸಂಭವ ನೂರಕ್ಕೆ ಇಪ್ಪತ್ತೈದಕ್ಕೆ ಏರುತ್ತಿತ್ತು. ಒಬ್ಬ ರೋಗಿಯ ಒಂದು ರಾತ್ರಿಯ ಏರುಪೇರಿನ ಮೇಲೆ ಇಡೀ ತೀರ್ಮಾನ ನಿಂತಿತ್ತು. ಭರವಸೆಪಡುವವನೂ ತಪ್ಪಲ್ಲ, ಶಂಕಿಸುವವನೂ ತಪ್ಪಲ್ಲ; ತಪ್ಪಾಗುವುದು ಭರವಸೆಯನ್ನು ಸಿದ್ಧಾಂತವೆಂದು ಹೇಳಿದಾಗ.

ಪ್ಲಾಸ್ಮಾ ಕಲಿಸಿದ ಪಾಠ

ಅದೇ ವರ್ಷ ಕೊರೋನಾದಿಂದ ಗುಣಹೊಂದಿದವರ ರಕ್ತದ ದ್ರವಭಾಗವನ್ನು, ಅಂದರೆ ಪ್ಲಾಸ್ಮಾವನ್ನು, ರೋಗಿಗಳಿಗೆ ಕೊಡುವ ಚಿಕಿತ್ಸೆಯೂ ದೇಶದಾದ್ಯಂತ ಹಬ್ಬಿತು. ದಾನಿಗಳಿಗೆ ೫,೦೦೦ ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ ಕರ್ನಾಟಕ ಸರ್ಕಾರ ಜುಲೈಯಲ್ಲಿ ಘೋಷಿಸಿತು. ರೋಗಿಯ ಬಂಧುಗಳು ದಾನಿಗಳನ್ನು ಹುಡುಕುತ್ತ ಊರೂರು ಅಲೆದರು. ಇದೇ ವೇಳೆಗೆ ಸಂಶೋಧನಾ ಮಂಡಳಿಯು ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳ ಮೇಲೆ ವಿಧಿವತ್ತಾಗಿ ಪ್ರಯೋಗ ನಡೆಸಿ, ಅಕ್ಟೋಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ ೧೫, ಪಡೆಯದವರಲ್ಲಿ ನೂರಕ್ಕೆ ೧೪ ಮಂದಿ ಸತ್ತಿದ್ದರು. ಅಂದರೆ ಪ್ರಯೋಜನ ಕಾಣಲಿಲ್ಲ. ಆದರೂ ಅದನ್ನು ಚಿಕಿತ್ಸಾ ಕ್ರಮದಿಂದ ತೆಗೆದುಹಾಕಲು ೨೦೨೧ರ ಮೇ ತಿಂಗಳು ಬರಬೇಕಾಯಿತು. ಕರುಣೆಯ ಹೆಸರಿನಲ್ಲಿ ಒಮ್ಮೆ ಒಳಬಂದ ಮದ್ದನ್ನು ಹೊರಗೆ ಕಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಹಾಗೆಂದು ಶಂಕೆಯ ಪಕ್ಷವೇ ಯಾವಾಗಲೂ ಗೆಲ್ಲುತ್ತದೆಂದು ಭಾವಿಸಲಾಗದು. ಇಟೋಲಿಝುಮಾಬ್‌ನಂತೆಯೇ ದೇಹದ ಕೆರಳಿಕೆಯನ್ನು ತಗ್ಗಿಸುವ ಟೋಸಿಲಿಝುಮಾಬ್ ಎಂಬ ಮದ್ದು, ಮೊದಲ ಸಣ್ಣ ಪ್ರಯೋಗಗಳಲ್ಲಿ ನಿಶ್ಚಿತ ಫಲವನ್ನು ತೋರಲಿಲ್ಲ. ಬ್ರಿಟನ್ನಿನಲ್ಲಿ ೪,೧೧೬ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲ ೨೦೨೧ರಲ್ಲಿ ಹೊರಬಂದಾಗ, ಸಾವು ನೂರಕ್ಕೆ ೩೫ರಿಂದ ೩೧ಕ್ಕೆ ಇಳಿದದ್ದು ಕಂಡಿತು. ನೂರು ಜನರಲ್ಲಿ ನಾಲ್ವರು ಬದುಕುವ ಈ ಅಂತರವನ್ನು ಮೂವತ್ತು ಜನರ ಪ್ರಯೋಗ ಕಾಣಿಸಲಾರದು. ಚಿಕ್ಕ ಲೆಕ್ಕವು ಇಲ್ಲದ ಗುಣವನ್ನು ತೋರಿಸಿ ಮೋಸಗೊಳಿಸುವಂತೆ, ಇರುವ ಗುಣವನ್ನು ಮುಚ್ಚಿಟ್ಟೂ ಮೋಸಗೊಳಿಸುತ್ತದೆ. ಅದೇ ಬ್ರಿಟನ್ನಿನ ಪ್ರಯೋಗವು ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಮದ್ದು ಉಸಿರಾಟದ ಯಂತ್ರಕ್ಕೆ ಸಿಕ್ಕಿದ ರೋಗಿಗಳ ಸಾವನ್ನು ಸುಮಾರು ಮೂರನೆಯ ಒಂದು ಭಾಗ ತಗ್ಗಿಸುತ್ತದೆಂದು ೨೦೨೦ರ ಜೂನ್‌ನಲ್ಲಿಯೇ ತೋರಿಸಿತ್ತು. ಸಾಂಕ್ರಾಮಿಕದ ನಡುವೆಯೂ ಕೆಲವೇ ತಿಂಗಳುಗಳಲ್ಲಿ ಪ್ರಮಾಣವನ್ನು ಪಡೆಯಬಹುದೆಂಬುದು ಇದರಿಂದ ಸಿದ್ಧವಾಯಿತು. ಕಾಯಲು ಕಾಲವಿಲ್ಲವೆಂಬ ವಾದದ ಬಲ ಇಲ್ಲಿ ಬಹುಮಟ್ಟಿಗೆ ಕುಗ್ಗುತ್ತದೆ.

ಅರಿವು ಮತ್ತು ನುಡಿ

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಒಬ್ಬ ವಚನಕಾರನಿದ್ದಾನೆ. ವೈದ್ಯವೇ ಅವನ ಕಾಯಕ. ರೋಗ, ನಾಡಿ, ಔಷಧಗಳ ಪರಿಭಾಷೆಯಲ್ಲಿಯೇ ಅವನು ತನ್ನ ಅನುಭಾವವನ್ನು ನುಡಿದವನು. ಕಾಯಕದಲ್ಲಿ ನಡೆಯೂ ನುಡಿಯೂ ಒಂದಾಗಿರಬೇಕೆಂಬುದು ಶರಣಧರ್ಮದ ತಳಹದಿ. ವೈದ್ಯನ ಕಾಯಕಕ್ಕೆ ಇದನ್ನು ಅನ್ವಯಿಸಿದರೆ ದೊರೆಯುವ ಅರ್ಥ ಸರಳವಾದದ್ದು: ವೈದ್ಯನಿಗೆ ಎಷ್ಟು ತಿಳಿದಿದೆಯೋ ಅಷ್ಟೇ ಅವನ ನುಡಿಯಲ್ಲಿ ಬರಬೇಕು, ತಿಳಿಯದಿರುವುದೂ ಅವನ ನುಡಿಯಲ್ಲಿ ಬರಬೇಕು.

ಹುಬ್ಬಳ್ಳಿಯಲ್ಲಿ ಚುಚ್ಚಿಸಿಕೊಂಡವನ ಕೈಗೆ ಪ್ರಮಾಣಪತ್ರ ಬಂದಿತು. ಮದ್ದಿನ ಬಲವೆಷ್ಟು, ಮಿತಿಯೆಷ್ಟು ಎಂಬ ತಿಳಿವಳಿಕೆ ಬರಲಿಲ್ಲ. ೨೦೨೦ರಲ್ಲಿ ರೋಗಿಯ ಬಂಧುವಿನ ಕೈಗೆ ಒಪ್ಪಿಗೆಯ ಕಾಗದ ಬಂದಿತು. ಮೂವತ್ತು ಜನರಲ್ಲಿ ಮಾತ್ರ ಪರೀಕ್ಷೆಯಾಗಿದೆ, ಒಂದು ಮಂಡಲಿ ಒಪ್ಪಿದೆ, ಇನ್ನೊಂದು ಒಪ್ಪಿಲ್ಲ, ಮೂವತ್ತೆರಡು ಸಾವಿರ ಹೊಂದಿಸಲಾಗದಿದ್ದರೆ ರೋಗಿಗೆ ಅನ್ಯಾಯವಾಯಿತೆಂದು ತಿಳಿಯಬೇಕಾಗಿಲ್ಲ ಎಂಬಿಷ್ಟನ್ನು ಅವನ ಭಾಷೆಯಲ್ಲಿ ಹೇಳಿದಾಗ ಮಾತ್ರ ಆ ಕಾಗದಕ್ಕೆ ಅರ್ಥ ಬರುತ್ತದೆ. ಸಾಲ ಮಾಡಿ, ಒಡವೆ ಅಡವಿಟ್ಟು ಸೀಸೆ ತಂದವನೂ, ತರಲಾರದೆ ಹೋದವನೂ ರೋಗಿಯನ್ನು ಕಳೆದುಕೊಂಡ ಮೇಲೆ ವರ್ಷಗಟ್ಟಲೆ ಹೊರುವ ಪಶ್ಚಾತ್ತಾಪದ ಭಾರವನ್ನು ಇಂಥ ಒಂದು ಮಾತು ಇಳಿಸಬಲ್ಲದು.

ಆದುದರಿಂದ ಎರಡು ಪಕ್ಷಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಇತಿಹಾಸದ ಬೋಧೆಯಲ್ಲ. ಸಿದ್ಧವಾಗದ ಮದ್ದನ್ನು ಸಂಕಟದಲ್ಲಿ ಕೊಡಬಹುದು. ಕೊಡುವಾಗ ಅದು ಸಿದ್ಧವಾಗಿಲ್ಲವೆಂದು ರೋಗಿಗೆ ತಿಳಿಯಪಡಿಸಬೇಕು; ಕೊಟ್ಟವರ, ಕೊಡದವರ ಲೆಕ್ಕವನ್ನು ಬಿಡದೆ ಇಟ್ಟು ಜನರ ಮುಂದೆ ತೆರೆದಿಡಬೇಕು; ಲೆಕ್ಕ ಬೇರೆಯಾಗಿ ನುಡಿದ ದಿನವೇ ಮದ್ದನ್ನು ಹಿಂತೆಗೆಯಬೇಕು. ಉಂಧೇರಾದ ಇಪ್ಪತ್ತಾರು ಜನ, ಮುಲ್ಕೋವಾಲಿನ ಹತ್ತೊಂಬತ್ತು ಜನ, ೨೦೨೦ರ ಪ್ರಯೋಗದಲ್ಲಿ ಮದ್ದು ಸಿಗದ ಗುಂಪಿನಲ್ಲಿ ತೀರಿಕೊಂಡ ಮೂವರು, ಇವರೆಲ್ಲರ ಋಣ ವೈದ್ಯಶಾಸ್ತ್ರದ ಮೇಲಿದೆ. ಅವರಿಂದ ದೊರೆತ ಅರಿವನ್ನು ಮರೆಮಾಚದೆ ಮುಂದಿನ ರೋಗಿಗೆ ತಲುಪಿಸುವುದೊಂದೇ ಆ ಋಣವನ್ನು ತೀರಿಸುವ ಬಗೆ.